ಫಿರಂಗಿ ದಳದ ಕಣ್ಣು: ಏರ್ ಒ.ಪಿ. ವಿಮಾನಗಳ ಚರಿತ್ರೆಯಲ್ಲಿ ಬೀದರ್

ಬೀದರ್ ಕೋಟೆಯ ಬುರುಜುಗಳ ಮೇಲೆ ಇಂದಿಗೂ ತೋಪುಗಳಿವೆ. ತೋಪಿನವನಿಗೆ ಬುರುಜು ಯಾಕೆ ಬೇಕಿತ್ತು ಎಂಬುದು ಮುಂಡಾ ಬುರುಜು ಹತ್ತಿ ನಿಂತ ಯಾರಿಗಾದರೂ ತಿಳಿಯುತ್ತದೆ. ಎತ್ತರದಿಂದ ಹಾರಿಸಿದ ಗುಂಡು ದೂರ ಹೋಗುತ್ತದೆ, ಅದು ಸರಿ. ಅದಕ್ಕಿಂತ ಮುಖ್ಯವಾಗಿ, ಗುಂಡು ಎಲ್ಲಿ ಬಿತ್ತು ಎಂಬುದು ಹೊಡೆದವನಿಗೇ ಕಾಣುತ್ತದೆ. ಕಂಡರೆ ಎರಡನೆಯ ಗುಂಡನ್ನು ತಿದ್ದಿ ಹೊಡೆಯಬಹುದು.

ಇಪ್ಪತ್ತನೆಯ ಶತಮಾನದ ಫಿರಂಗಿಗಳು ಈ ಅನುಕೂಲವನ್ನು ಕಳೆದುಕೊಂಡವು. ಎರಡನೆಯ ಮಹಾಯುದ್ಧದಿಂದ 1971ರವರೆಗೆ ನಮ್ಮ ಸೇನೆಯ ಬಹುಪಾಲು ಭಾರ ಹೊತ್ತ 25 ಪೌಂಡರ್ ಫಿರಂಗಿಯ ಗುಂಡು ಸುಮಾರು 12 ಕಿಲೋಮೀಟರ್ ದೂರ ಹೋಗುತ್ತಿತ್ತು. ಔರಾದ್ ತಾಲ್ಲೂಕಿನ ಚಿಂತಾಕಿಯ ತೊಗರಿ ಹೊಲದಲ್ಲಿ ನಿಂತವನಿಗೆ, ಬಯಲು ಎಷ್ಟೇ ಸಪಾಟಾಗಿದ್ದರೂ, ನಾಲ್ಕೈದು ಕಿಲೋಮೀಟರಿನ ಆಚೆಗೆ ನೆಲ ಕಾಣುವುದಿಲ್ಲ. ನಡುವೆ ಒಡ್ಡು, ಜಾಲಿ, ಬೇವು, ಊರಿನ ಮಾಳಿಗೆಗಳು ಬೇರೆ. ಅದೇ ಹೊಲದ ಮೇಲೆ 300 ಮೀಟರ್ ಎತ್ತರಕ್ಕೆ ಏರಿದವನಿಗೆ ದಿಗಂತ 60 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಮಾಂಜ್ರಾ ನದಿಯ ತಿರುವುಗಳು, ಔರಾದ್ ಪೇಟೆ, ಗಡಿಯಾಚೆ ತೆಲಂಗಾಣದ ನಾರಾಯಣಖೇಡದ ಕಡೆಯ ರಸ್ತೆಗಳು, ಆ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಲಾರಿ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಯುದ್ಧಭೂಮಿಯಲ್ಲಿ ಈ 300 ಮೀಟರ್ ಎತ್ತರವನ್ನು ಫಿರಂಗಿ ದಳಕ್ಕೆ ಗಳಿಸಿಕೊಟ್ಟವು ಒಂದೇ ಎಂಜಿನ್ನಿನ, ಆಯುಧವಿಲ್ಲದ ಪುಟ್ಟ ವಿಮಾನಗಳು. ಅವುಗಳ ತುಕಡಿಗಳಿಗೆ ಸೇನೆಯಲ್ಲಿ ಏರ್ ಒ.ಪಿ. ಎಂದು ಹೆಸರು. ಏರ್ ಅಬ್ಸರ್ವೇಷನ್ ಪೋಸ್ಟ್, ಅಂದರೆ ಆಕಾಶದಲ್ಲಿನ ವೀಕ್ಷಣಾ ಠಾಣೆ.

ಬೀದರ್ ಎಂದರೆ ವಾಯುಪಡೆ ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. 1996ರಲ್ಲಿ ಇಲ್ಲಿ ಹುಟ್ಟಿದ ಸೂರ್ಯಕಿರಣ ತಂಡ, 2008ರಲ್ಲಿ ಇಲ್ಲಿಗೆ ಬಂದ ಹಾಕ್ ತರಬೇತಿ ಜೆಟ್‌ಗಳು, ಇವನ್ನು ಕುರಿತು ಬರೆದವರು ಅನೇಕರಿದ್ದಾರೆ. ಭೂಸೇನೆಯ ಹಾರಾಟಗಾರರಿಗೂ ಬೀದರಿಗೂ ನಂಟಿದೆ ಎಂಬ ಮಾತು ಮಾತ್ರ ನಮ್ಮ ಮಾಜಿ ಸೈನಿಕರ ನಡುವೆಯೂ ಅಪರೂಪಕ್ಕೆ ಕೇಳಿಬರುತ್ತದೆ. ತಾಲ್ಲೂಕಿನ ಸೈನಿಕರಿಗಾಗಿ ಹೊರಡುತ್ತಿರುವ ಈ ಸಂಚಿಕೆಯಲ್ಲಿ ಆ ನಂಟನ್ನು ದಾಖಲಿಸಲೇಬೇಕು.

ಏರ್ ಒ.ಪಿ.ಯ ಮೂಲ ಬ್ರಿಟಿಷರದು. ಫಿರಂಗಿ ದಳದ ಅಧಿಕಾರಿ ಚಾರ್ಲ್ಸ್ ಬೇಜ್ಲಿ ಮತ್ತು ಅವನ ಜೊತೆಗಾರರು 1940ರಲ್ಲಿ ಫ್ರಾನ್ಸಿನಲ್ಲಿ ಇದನ್ನು ಪ್ರಯೋಗಕ್ಕೆ ಇಟ್ಟರು. ವಿಮಾನ ನಡೆಸುವವನಿಗೆ ಫಿರಂಗಿ ವಿದ್ಯೆ ಕಲಿಸುವುದು ಕಷ್ಟ, ಫಿರಂಗಿಯವನಿಗೆ ಸಣ್ಣ ವಿಮಾನ ನಡೆಸಲು ಕಲಿಸುವುದು ಸುಲಭ ಎಂಬುದು ಅವರ ವಾದ. ವಾಯುಪಡೆಯವರಿಗೆ ಇದು ರುಚಿಸಲಿಲ್ಲ. ಇಷ್ಟು ನಿಧಾನದ ವಿಮಾನ ಶತ್ರುವಿನ ಫೈಟರ್ ಮುಂದೆ ಎಷ್ಟು ಹೊತ್ತು ಉಳಿದೀತು ಎಂದರು. 1941ರ ಆಗಸ್ಟಿನಲ್ಲಿ 651ನೆಯ ಸ್ಕ್ವಾಡ್ರನ್ ಕಟ್ಟಲಾಯಿತು. ಸಂಖ್ಯೆಗಳು 666ರವರೆಗೆ ಬೆಳೆದವು. ಅವುಗಳಲ್ಲಿ 656 ಬರ್ಮಾದ ಕಾಡುಗಳಲ್ಲಿ ಹದಿನಾಲ್ಕನೆಯ ಸೇನೆಯ ಜೊತೆಗಿತ್ತು. ಯುದ್ಧ ಮುಗಿದ ಮೇಲೆ ಭಾರತಕ್ಕೆ ಬಂದ 659, 1947ರ ಆಗಸ್ಟ್ 14ರಂದು ವಿಸರ್ಜನೆಯಾಯಿತು. ಅದರ ಆಸ್ಟರ್ ವಿಮಾನಗಳು ದೇಶದ ಹಾಗೆಯೇ ಎರಡು ಪಾಲಾದವು. ನಮ್ಮ ಪಾಲಿನಿಂದ 1947ರ ಆಗಸ್ಟ್ 15ರಂದೇ ಮೊದಲ ಭಾರತೀಯ ಏರ್ ಒ.ಪಿ. ಫ್ಲೈಟ್ ಹುಟ್ಟಿತು. ಮುಂದೆ 1965ರಲ್ಲಿ ಗಡಿಯ ಎರಡೂ ಬದಿಯಿಂದ ಒಬ್ಬರ ಫಿರಂಗಿಗಳನ್ನು ಇನ್ನೊಬ್ಬರು ಆಕಾಶದಿಂದ ಹುಡುಕಾಡಿದವರು ಒಂದೇ ಸ್ಕ್ವಾಡ್ರನ್ನಿನ ವಾರಸುದಾರರು. ವಿಭಜನೆಯ ದುಃಖಗಳ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು.

ಆಗ ನಮ್ಮ ಬೀದರ್ ಎಲ್ಲಿತ್ತು? ನಿಜಾಮರ ಸಂಸ್ಥಾನದಲ್ಲಿ. ಇಲ್ಲಿನ ವಿಮಾನ ನೆಲೆಗೆ 1948ರಲ್ಲಿ ಕರಾಚಿಯಿಂದ ರಾತ್ರಿ ಹೊತ್ತು ಶಸ್ತ್ರಾಸ್ತ್ರ ತುಂಬಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಬರುತ್ತಿದ್ದವು. ಈ ಕಳ್ಳಸಾಗಣೆಯನ್ನು ನಡೆಸಿದವನು ಆಸ್ಟ್ರೇಲಿಯಾದ ಸಿಡ್ನಿ ಕಾಟನ್. ಯುದ್ಧಕ್ಕೆ ಮುನ್ನ, 1939ರಲ್ಲಿ, ಖಾಸಗಿ ಲಾಕ್‌ಹೀಡ್ ವಿಮಾನದಲ್ಲಿ ಕ್ಯಾಮೆರಾ ಬಚ್ಚಿಟ್ಟುಕೊಂಡು ಜರ್ಮನಿಯ ಮೇಲೆ ಹಾರಿ ಬ್ರಿಟನ್ನಿಗೆ ಗುಪ್ತ ಚಿತ್ರಗಳನ್ನು ತಂದುಕೊಟ್ಟವನೂ ಇವನೇ. ವೈಮಾನಿಕ ವೀಕ್ಷಣೆಯ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಈ ವ್ಯಕ್ತಿ ಬೀದರಿನ ಚರಿತ್ರೆಯೊಳಗೆ ಬಂದದ್ದು ಹೀಗೆ, ಹಿಂಬಾಗಿಲಿನಿಂದ. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾದಾಗ ಭಾರತದ ಟೆಂಪೆಸ್ಟ್ ವಿಮಾನಗಳು ಮೊದಲು ಗುರಿಯಿಟ್ಟ ಜಾಗಗಳಲ್ಲಿ ಬೀದರ್ ಮತ್ತು ವಾರಂಗಲ್ ನೆಲೆಗಳು ಸೇರಿದ್ದವು. ಸೊಲ್ಲಾಪುರದಿಂದ ಹೊರಟ ಸೇನೆ ನಳದುರ್ಗ ದಾಟಿ ಬಂದು, ಸೆಪ್ಟೆಂಬರ್ 17ರ ಬೆಳಗಿನ ಜಾವ ಬೀದರನ್ನು ಪ್ರವೇಶಿಸಿತು. ರಜಾಕಾರರ ಹಾವಳಿಯಲ್ಲಿ ನಲುಗಿದ್ದ ಔರಾದ್, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಹಿರಿಯರು ಆ ವಾರವನ್ನು ಮರೆತವರಲ್ಲ.

ಆ ಕಾರ್ಯಾಚರಣೆ ನಡೆಸಿದ ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಹೆಸರು ನಮ್ಮ ವಿಷಯದಲ್ಲಿ ಇನ್ನೊಮ್ಮೆ ಬರುತ್ತದೆ. 1962ರ ಚೀನಾ ಯುದ್ಧದ ಸೋಲಿನ ಬೆನ್ನಿಗೆ ಅವರು ಭೂಸೇನೆಯ ಮುಖ್ಯಸ್ಥರಾದರು. ಭೂಸೇನೆಗೆ ತನ್ನದೇ ಆದ ವೈಮಾನಿಕ ವಿಭಾಗ ಬೇಕು ಎಂಬ ಪ್ರಸ್ತಾಪವನ್ನು 1963ರಲ್ಲಿ ಮುಂದಿಟ್ಟವರು ಅವರೇ. ಅಲ್ಲಿಯವರೆಗಿನ ವ್ಯವಸ್ಥೆ ಜಂಟಿ ಕುಟುಂಬದ್ದು: ವಿಮಾನ ನಡೆಸುವವನು ಫಿರಂಗಿ ದಳದ ಅಧಿಕಾರಿ, ವಿಮಾನವನ್ನು ಸುಸ್ಥಿತಿಯಲ್ಲಿಡುವವರು ವಾಯುಪಡೆಯ ತಂತ್ರಜ್ಞರು. ಕೆಲಸ ನಡೆಯುತ್ತಿತ್ತು, ಆದರೆ ಎಷ್ಟು ವಿಮಾನ ಬೇಕು, ಎಂಥದು ಬೇಕು ಎಂಬ ತೀರ್ಮಾನ ಅದನ್ನು ಬಳಸುವವರ ಕೈಯಲ್ಲಿರಲಿಲ್ಲ. ಚೌಧುರಿಯವರ ಪ್ರಸ್ತಾಪ ಕೈಗೂಡಲು 23 ವರ್ಷ ಹಿಡಿಯಿತು. ಅಷ್ಟು ತಡವಾಗಬೇಕಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ನಡುವೆ 1965ರ ಮತ್ತು 1971ರ ಎರಡು ಯುದ್ಧಗಳು ಬಂದುಹೋದವು.

ಆ ಎರಡರಲ್ಲಿ ಎರಡನೆಯ ಯುದ್ಧಕ್ಕೆ ವಿಮಾನ ಒದಗಿಸಿದ್ದು ಬೆಂಗಳೂರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ತಂಡವಿತ್ತು. ಘಾಟಗೆಯವರು ಜರ್ಮನಿಯ ಗಾಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. ಅವರ ಕೈಯಿಂದ ಮೊದಲು ಬಂದದ್ದು ಎಚ್‌ಟಿ-2 ತರಬೇತಿ ವಿಮಾನ, 1951ರ ಆಗಸ್ಟಿನಲ್ಲಿ ಅದು ಮೊದಲು ಹಾರಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಪುಷ್ಪಕ್ ಬಂತು. ಪುಷ್ಪಕ್ಕನ್ನೇ ಹಿಗ್ಗಿಸಿ, ಬಲಪಡಿಸಿ, ಭೂಸೇನೆಗೆಂದು ರೂಪಿಸಿದ್ದು ಕೃಷಕ್. 1959ರ ನವೆಂಬರಿನಲ್ಲಿ ಅದರ ಮೊದಲ ಮಾದರಿ ನೆಲ ಬಿಟ್ಟಿತು. ಹಳೆಯ ಆಸ್ಟರ್‌ಗಳ ಜಾಗಕ್ಕೆ ನಮ್ಮದೇ ವಿನ್ಯಾಸದ ವಿಮಾನ ಸಿಕ್ಕಿತು.

ಕೃಷಕ್‌ನ ಅಂಕಿಅಂಶಗಳನ್ನು ಓದಿದರೆ ಯುದ್ಧವಿಮಾನದ ಗತ್ತು ಎಲ್ಲೂ ಕಾಣುವುದಿಲ್ಲ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಪೂರ್ತಿ ತುಂಬಿದಾಗ ತೂಕ 1,270 ಕಿಲೋ. 225 ಅಶ್ವಶಕ್ತಿಯ ಒಂದು ಕಾಂಟಿನೆಂಟಲ್ ಎಂಜಿನ್. ಗಂಟೆಗೆ 200 ಕಿಲೋಮೀಟರ್ ಆಸುಪಾಸಿನ ವೇಗ. ರೆಕ್ಕೆ ತಲೆಯ ಮೇಲಿತ್ತು, ಎರಡೂ ಬದಿಯಿಂದ ಊರೆಗೋಲು ಕೊಟ್ಟು ನಿಲ್ಲಿಸಿದ್ದು. ರೆಕ್ಕೆ ಮೇಲಿದ್ದುದರಿಂದ ಕೆಳಗಿನ ನೆಲಕ್ಕೂ ಕಣ್ಣಿಗೂ ಅಡ್ಡ ಏನೂ ಬರುತ್ತಿರಲಿಲ್ಲ. ಮುಂದೆ ಅಕ್ಕಪಕ್ಕ ಇಬ್ಬರು ಕೂರುವ ಜಾಗ, ಹಿಂದೆ ಮೂರನೆಯವನಿಗೆ ಒಂದು ಆಸನ. ಬಂದೂಕಿಲ್ಲ, ಬಾಂಬಿಲ್ಲ, ಗುಂಡು ತಡೆಯುವ ಕವಚವಿಲ್ಲ. ಒಟ್ಟು ತಯಾರಾದವು 68.

ಇವನ್ನು ನಡೆಸಲು ಕಲಿಯುವುದು ಎಲ್ಲಿ? ಇಲ್ಲಿ ಬೀದರ್ ಬರುತ್ತದೆ. 1962ರ ನಂತರ ಸೇನೆಯ ಮೂರೂ ಅಂಗಗಳಿಗೆ ಪೈಲಟ್‌ಗಳು ತುರ್ತಾಗಿ ಬೇಕಾದರು. ತರಬೇತಿಯ ವ್ಯವಸ್ಥೆ ಹಿಗ್ಗಿತು. ಬೀದರ್ ನೆಲೆಯಲ್ಲಿದ್ದ ಎಲಿಮೆಂಟರಿ ಫ್ಲೈಯಿಂಗ್ ಸ್ಕೂಲಿನಲ್ಲಿ ವಾಯುಪಡೆಯ ಕೆಡೆಟ್‌ಗಳ ಜೊತೆಗೆ ಭೂಸೇನೆಯ ಅಧಿಕಾರಿಗಳೂ ಹಾರಾಟದ ಮೊದಲ ಪಾಠ ಕಲಿತರು. ವಿಮಾನ ಎಚ್‌ಟಿ-2. ವಾಯುಪಡೆಯ ಕೆಡೆಟ್‌ಗಳು ಇನ್ನೂ ಮೀಸೆ ಚಿಗುರುವ ಹುಡುಗರು. ಫಿರಂಗಿ ದಳದಿಂದ ಬಂದವರು ಆಗಲೇ ರೆಜಿಮೆಂಟಿನಲ್ಲಿ ಕೆಲಸ ಮಾಡಿದವರು, ನಕ್ಷೆ ಓದಿ ಗುಂಡು ಬೀಳಿಸಿ ನುರಿತವರು. ಹೊಸದಾಗಿ ಕಲಿಯಬೇಕಾದ್ದು ರೆಕ್ಕೆಯ ವಿದ್ಯೆಯನ್ನಷ್ಟೆ.

ಎಚ್‌ಟಿ-2 ಒಬ್ಬರ ಹಿಂದೊಬ್ಬರು ಕೂರುವ, ಬಾಲದಡಿ ಸಣ್ಣ ಚಕ್ರವಿರುವ ವಿಮಾನ. ನೆಲದ ಮೇಲೆ ನಿಂತಾಗ ಮೂತಿ ಮೇಲಕ್ಕೆ, ಬಾಲ ಕೆಳಕ್ಕೆ. ಓಡಿಸುವವನಿಗೆ ನೇರ ಮುಂದಿನ ದಾರಿ ಕಾಣುವುದಿಲ್ಲ. ಇಳಿಯುವಾಗ ಅಡ್ಡಗಾಳಿ ಬೀಸಿದರೆ ಬಾಲ ಮುಂದಕ್ಕೆ ಬರಲು ನೋಡುತ್ತದೆ, ಕಾಲಿನ ರಡ್ಡರ್ ಪೆಡಲುಗಳಿಂದ ಅದನ್ನು ಕ್ಷಣಕ್ಷಣಕ್ಕೂ ಹಿಡಿದಿಟ್ಟುಕೊಳ್ಳಬೇಕು. ಬೀದರಿನ ಕೆಂಪು ಮುರಕಲ್ಲಿನ ಪ್ರಸ್ಥಭೂಮಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ. ವೈಶಾಖದ ಬಿಸಿಲಿಗೆ ಗಾಳಿ ತೆಳುವಾಗಿ, ರೆಕ್ಕೆಗೆ ಹಿಡಿತ ಸಾಲದೆ, ನೆಲ ಬಿಡಲು ಹೆಚ್ಚು ಓಟ ಬೇಕಾಗುತ್ತದೆ. ಸುಡುವ ನೆಲದಿಂದ ಏಳುವ ಗಾಳಿ ಸಣ್ಣ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಆಸ್ಟರ್ ಮತ್ತು ಕೃಷಕ್‌ಗಳಿಗೂ ಬಾಲದ ಚಕ್ರವೇ. ಯುದ್ಧದಲ್ಲಿ ಅವು ಇಳಿಯುವುದು ಡಾಂಬರು ಪಟ್ಟಿಯ ಮೇಲಲ್ಲ, ಕೊಯ್ಲಾದ ಹೊಲದಲ್ಲೋ ಕೆರೆಯಂಗಳದಲ್ಲೋ ಮರಳಿನಲ್ಲೋ ಸಪಾಟು ಮಾಡಿದ ಕೆಲವು ನೂರು ಮೀಟರಿನಲ್ಲಿ. ನಮ್ಮ ಭಾಗದ ಬಿಸಿಲು, ಗಾಳಿ ಆ ಅಧಿಕಾರಿಗಳಿಗೆ ಒಳ್ಳೆಯ ಮೇಷ್ಟ್ರುಗಳಾದವು ಎಂದು ಅಭಿಮಾನದಿಂದಲೇ ಹೇಳುತ್ತೇನೆ. ಇಲ್ಲಿಂದ ಅವರು ಮಹಾರಾಷ್ಟ್ರದ ದೇವಲಾಲಿಗೆ, ಫಿರಂಗಿ ದಳದ ಶಾಲೆಗೆ ಹೋಗಿ ಆಕಾಶದಿಂದ ಗುಂಡು ತಿದ್ದುವ ವಿದ್ಯೆ ಕಲಿಯುತ್ತಿದ್ದರು.

ಆ ವಿದ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೈಲಟ್ ಶತ್ರುವಿನ ನೆತ್ತಿಯ ಮೇಲೆ ಹಾರುವುದಿಲ್ಲ. ನಮ್ಮ ಸಾಲಿನ ಹಿಂದೆಯೇ, ಮರಗಳ ಎತ್ತರದಲ್ಲಿ ಸುಳಿದಾಡುತ್ತಾನೆ. ತೊಡೆಗೆ ಕಟ್ಟಿದ ಪ್ಯಾಡಿನ ಮೇಲೆ ಮಡಿಸಿದ ನಕ್ಷೆ, ಕಿವಿಗೆ ವೈರ್‌ಲೆಸ್. ಕಂಡ ಗುರಿಯ ಸ್ಥಾನವನ್ನು ನಕ್ಷೆಯ ಅಂಕಿಗಳಲ್ಲಿ ಕೆಳಗಿನ ಬ್ಯಾಟರಿಗೆ, ಅಂದರೆ ಫಿರಂಗಿಗಳ ತುಕಡಿಗೆ, ಹೇಳುತ್ತಾನೆ. ಫಿರಂಗಿಗಳು ಎಲ್ಲೋ ಹಿಂದೆ ಮರಗಳ ತೋಪಿನಲ್ಲಿ ಅಡಗಿವೆ. ಅಲ್ಲಿನವರಿಗೆ ಗುರಿ ಕಾಣುವುದಿಲ್ಲ. ಒಂದು ಗುಂಡು ಹಾರಿತು ಎಂಬ ಸೂಚನೆ ಬರುತ್ತಲೇ ಪೈಲಟ್ ವಿಮಾನವನ್ನು ಎತ್ತರಕ್ಕೆ ಎತ್ತುತ್ತಾನೆ. ದೂರದ ಗುಂಡಿಗೆ ಅರ್ಧ ನಿಮಿಷದಷ್ಟು ಹೊತ್ತು ಬೇಕು. ಹೊಗೆ ಎದ್ದ ಜಾಗ ನೋಡಿದ ತಕ್ಷಣ ಕೆಳಗಿಳಿಯುತ್ತಾ ಹೇಳುತ್ತಾನೆ: ಲೆಫ್ಟ್ ಹಂಡ್ರೆಡ್, ಆ್ಯಡ್ ಫೋರ್ ಹಂಡ್ರೆಡ್. ಮುಂದಿನ ಗುಂಡು ಗುರಿಯ ಆಚೆ ಬಿದ್ದರೆ, ಡ್ರಾಪ್ ಟೂ ಹಂಡ್ರೆಡ್. ಹೀಗೆ ಈಚೆಗೊಂದು ಆಚೆಗೊಂದು ಬೀಳಿಸಿ, ಅಂತರವನ್ನು ಅರ್ಧರ್ಧ ಮಾಡುತ್ತಾ ಬಂದು, ಗುರಿ ನಡುವೆ ಸಿಕ್ಕಿಬಿದ್ದಾಗ ಕೊನೆಯ ಮಾತು: ಫೈರ್ ಫಾರ್ ಎಫೆಕ್ಟ್. ಆಗ ಇಡೀ ಬ್ಯಾಟರಿ ಒಟ್ಟಿಗೆ ಗುಡುಗುತ್ತದೆ. ಇಷ್ಟೆಲ್ಲ ಮಾಡುವಾಗ ಒಂದು ಕೈ ಸ್ಟಿಕ್ಕಿನ ಮೇಲೆ, ಒಂದು ಕಣ್ಣು ಶತ್ರುವಿನ ಜೆಟ್ ಬಂದೀತೇ ಎಂಬುದರ ಮೇಲೆ. ಜೆಟ್ ಬಂದರೆ ಅವನಿಗಿರುವ ಒಂದೇ ರಕ್ಷಣೆ ನಿಧಾನ. ನೆಲಕ್ಕೆ ಅಂಟಿಕೊಂಡು ಚಿಕ್ಕ ಸುತ್ತಿನಲ್ಲಿ ತಿರುಗಬೇಕು. ವೇಗದ ಜೆಟ್‌ಗೆ ಅಷ್ಟು ಸಣ್ಣ ಸುತ್ತು ಹಾಕಲಾಗದು, ಮುಂದೆ ಹಾದುಹೋಗುತ್ತದೆ. ಒಂದು ಜೆಟ್ಟಾದರೆ ಇದು ಸಾಧ್ಯ.

1965ರಲ್ಲಿ ಕೃಷಕ್ ಆಗಷ್ಟೇ ಬರತೊಡಗಿತ್ತು. ಉಕ್ಕಿನ ಕೊಳವೆಗೆ ಬಟ್ಟೆ ಹೊದಿಸಿದ ಆಸ್ಟರ್‌ಗಳೇ ಮುಖ್ಯವಾಗಿ ದುಡಿದವು. ಕೃಷಕ್‌ನ ಯುದ್ಧ 1971ರದು.

ಲೋಂಗೆವಾಲಾ ಕಾಳಗ ಎಲ್ಲರಿಗೂ ಗೊತ್ತು. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಥಾರ್ ಮರುಭೂಮಿಯ ಒಂದು ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿಬಂದವು. 23ನೆಯ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ನೇತೃತ್ವದಲ್ಲಿ ರಾತ್ರಿಯಿಡೀ ಠಾಣೆಯನ್ನು ಬಿಟ್ಟುಕೊಡಲಿಲ್ಲ. ಜೈಸಲ್ಮೇರಿನ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ಹೊಡೆಯುವ ಸಾಧನವಿರಲಿಲ್ಲ; ಬೆಳಗಾಗುವುದನ್ನೇ ಕಾದು ಬಂದವು. 'ಬಾರ್ಡರ್' ಸಿನಿಮಾ ನೋಡಿದವರಿಗೆ ಚಾಂದಪುರಿಯವರೂ ನೆನಪಿದ್ದಾರೆ, ಹಂಟರ್‌ಗಳೂ ನೆನಪಿವೆ. ಅದೇ ಆಕಾಶದಲ್ಲಿ ಬೆಂಗಳೂರಿನ ಕೃಷಕ್ ಒಂದಿತ್ತು, ಅದರಲ್ಲಿ ಏರ್ ಒ.ಪಿ.ಯ ಮೇಜರ್ ಆತ್ಮಾ ಸಿಂಗ್ ಇದ್ದರು. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬರುವ ಹಂಟರ್ ಪೈಲಟ್‌ಗೆ ಮರಳಿನ ದಿಬ್ಬಗಳ ನಡುವೆ ಯಾವ ಟ್ಯಾಂಕು ಎಲ್ಲಿದೆ, ನಮ್ಮ ಜವಾನರ ಕಂದಕ ಎಲ್ಲಿದೆ ಎಂದು ಗುರುತಿಸಲು ಕೆಲವೇ ಕ್ಷಣ ಸಿಗುತ್ತವೆ. ನಿಧಾನವಾಗಿ ಸುತ್ತುವ ಕೃಷಕ್‌ಗೆ ಆ ಆತುರವಿಲ್ಲ. ಟ್ಯಾಂಕುಗಳು ಮರಳಿನ ಮೇಲೆ ಎಳೆದ ಜಾಡುಗಳನ್ನು ನೋಡಿ, ಹಂಟರ್‌ಗಳಿಗೆ ವೈರ್‌ಲೆಸ್ಸಿನಲ್ಲಿ ಗುರಿ ತೋರಿಸಿದವರು ಆತ್ಮಾ ಸಿಂಗ್. ತಲೆ ತಪ್ಪಿಸಿಕೊಳ್ಳಲು ಸುತ್ತುಸುತ್ತಾಗಿ ಓಡಿದ ಟ್ಯಾಂಕುಗಳ ಜಾಡಿನ ಚಿತ್ರಗಳು ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತವೆ. ಲೋಂಗೆವಾಲಾದ ಕಥೆ ಹೇಳುವಾಗ ಕೃಷಕ್ಕನ್ನು ಬಿಟ್ಟು ಹೇಳಬಾರದು, ಕನ್ನಡಿಗರಂತೂ ಬಿಡಲೇಬಾರದು.

ಅದೇ ಯುದ್ಧದಲ್ಲಿ, ಪಶ್ಚಿಮ ಗಡಿಯಲ್ಲಿ, ಕ್ಯಾಪ್ಟನ್ ಪ್ರದೀಪ್ ಕುಮಾರ್ ಗೌರ್ ಹಾರುತ್ತಿದ್ದರು. ಫಿರಂಗಿ ಗುಂಡುಗಳನ್ನು ತಿದ್ದುತ್ತಿದ್ದ ಅವರ ಮೇಲೆ ಶತ್ರುವಿನ ಸೇಬರ್ ಜೆಟ್‌ಗಳು ಎರಗಿದವು. ಬಂದದ್ದು ಒಂದಲ್ಲ, ಮೂರು. ಒಂದರಿಂದ ತಿರುಗಿ ತಪ್ಪಿಸಿಕೊಂಡವನಿಗೆ ಎರಡನೆಯದು, ಮೂರನೆಯದು ಕಾದಿರುತ್ತವೆ. ಹಿಂತಿರುಗಿ ಹೊಡೆಯಲು ವಿಮಾನದಲ್ಲಿ ಒಂದು ಬಂದೂಕೂ ಇರಲಿಲ್ಲ. ಗೌರ್ ಹುತಾತ್ಮರಾದರು, ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ನಂತರದ ಗೌರವ ಅದು. ಅವರಂಥವರನ್ನು ಕುರಿತು ಶಾಲೆಯ ಪುಸ್ತಕಗಳಲ್ಲಿ ಒಂದು ಪುಟವಾದರೂ ಇರಬೇಕು ಎಂದು ನಾನು ಬಯಸುತ್ತೇನೆ. ಆಯುಧವಿಲ್ಲದೆ ಯುದ್ಧದ ನಡುವೆ ದಿನವೂ ಹೋಗಿ ನೋಡಿ ಬರುವ ಧೈರ್ಯ ಬೇರೆಯೇ ಜಾತಿಯದು.

ಮುಂದಿನದನ್ನು ಬೇಗ ಹೇಳಬಹುದು. 1960ರ ದಶಕದ ಕೊನೆಗೇ ಏರ್ ಒ.ಪಿ.ಗೆ ಚೇತಕ್ ಹೆಲಿಕಾಪ್ಟರ್‌ಗಳು ಬರತೊಡಗಿದ್ದವು, ಆಮೇಲೆ ಚೀತಾ ಬಂತು. ಎರಡೂ ಫ್ರಾನ್ಸಿನ ಪರವಾನಗಿಯಲ್ಲಿ ಬೆಂಗಳೂರಿನಲ್ಲೇ ತಯಾರಾದವು. ಹಿಮಾಲಯದ ಬೆಟ್ಟಗಳಲ್ಲಿ ಓಟದ ಪಟ್ಟಿ ಎಲ್ಲಿ ಹುಡುಕುವುದು? ನಿಂತಲ್ಲೇ ಏಳುವ, ನಿಂತಲ್ಲೇ ಇಳಿಯುವ ಹೆಲಿಕಾಪ್ಟರಿನ ಮುಂದೆ ಸ್ಥಿರ ರೆಕ್ಕೆಯ ವಿಮಾನ ಸೋತಿತು. 1970ರ ದಶಕ ಮುಗಿಯುವ ಹೊತ್ತಿಗೆ ಕೃಷಕ್‌ಗಳು ನಿವೃತ್ತವಾದವು. 1984ರಿಂದ ಸಿಯಾಚಿನ್ ಹಿಮನದಿಯ ಠಾಣೆಗಳಿಗೆ ಚೀತಾಗಳೇ ಜೀವನಾಡಿ. 1986ರ ನವೆಂಬರ್ 1ರಂದು, ಜನರಲ್ ಸುಂದರ್‌ಜಿ ಮುಖ್ಯಸ್ಥರಾಗಿದ್ದಾಗ, ಆರ್ಮಿ ಏವಿಯೇಷನ್ ಕೋರ್ ಪ್ರತ್ಯೇಕ ದಳವಾಗಿ ಹುಟ್ಟಿತು. ನಮಗದು ರಾಜ್ಯೋತ್ಸವದ ದಿನ. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅಂದೇ. 2019ರ ಅಕ್ಟೋಬರಿನಲ್ಲಿ ನಾಸಿಕದಲ್ಲಿ ಈ ದಳಕ್ಕೆ ರಾಷ್ಟ್ರಪತಿಗಳ ಧ್ವಜ ಸಂದಿತು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಮುದಿಯಾದ ಚೀತಾಗಳ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್‌ಗಳ ಕಾರ್ಖಾನೆ ಅದು.

ಈಚೆಗೆ ಭೂಸೇನೆಯ ವೀಕ್ಷಣೆಯಲ್ಲಿ ಸ್ಥಿರ ರೆಕ್ಕೆ ಮತ್ತೆ ಕಾಣಿಸಿಕೊಂಡಿದೆ, ಒಳಗೆ ಮನುಷ್ಯನಿಲ್ಲದೆ. ಇಸ್ರೇಲಿನ ಹೆರಾನ್ ಡ್ರೋನ್‌ಗಳು ಮೊದಲು ಫಿರಂಗಿ ದಳದ ಕೈಯಲ್ಲಿದ್ದು, ನಂತರ ಆರ್ಮಿ ಏವಿಯೇಷನ್‌ಗೆ ಬಂದವು. ಕೃಷಕ್ ಮಾಡುತ್ತಿದ್ದ ಕೆಲಸವೇ: ನಿಧಾನವಾಗಿ, ಹೊತ್ತುಗಟ್ಟಲೆ ಸುತ್ತುತ್ತಾ ನೋಡುವುದು. ಹಿಂದೆ ಕ್ಯಾಪ್ಟನ್ ಗೌರ್ ಕೂತಿದ್ದ ಜಾಗದಲ್ಲಿ ಈಗ ಕ್ಯಾಮೆರಾ ಇದೆ. ಒಬ್ಬ ತಾಯಿಯ ಮಗನಾದರೂ ಉಳಿಯುತ್ತಾನೆ ಎಂಬ ಕಾರಣಕ್ಕೆ ನಾನಿದನ್ನು ಸ್ವಾಗತಿಸುತ್ತೇನೆ.

ಇನ್ನು ನಮ್ಮ ಕೆಲಸ. 1971ರಲ್ಲಿ ಇಪ್ಪತ್ತೆರಡು ವರ್ಷದವನಾಗಿದ್ದ ಸೈನಿಕನಿಗೆ ಈಗ ಎಪ್ಪತ್ತೈದು ದಾಟಿದೆ. ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಫಿರಂಗಿ ದಳದಲ್ಲಿ ದುಡಿದವರಿದ್ದರೆ, ವೈರ್‌ಲೆಸ್ ಹಿಡಿದವರಿದ್ದರೆ, ಬೀದರ್ ನೆಲೆಯಲ್ಲಿ ಎಚ್‌ಟಿ-2 ವಿಮಾನಗಳ ಎಂಜಿನ್ ಬಿಚ್ಚಿ ಕೂಡಿಸಿದವರು, ಕ್ಯಾಂಟೀನು ನಡೆಸಿದವರು, ಓಟದ ಪಟ್ಟಿಯ ಹುಲ್ಲು ಕೊಯ್ದವರು ಇದ್ದರೆ, ಅವರ ಮಾತನ್ನು ಈ ವರ್ಷವೇ ಬರೆದಿಟ್ಟುಕೊಳ್ಳಬೇಕು. ಚಿಂತಾಕಿಯ ಪ್ರೌಢಶಾಲೆಯ ಮಕ್ಕಳು ಒಂದು ಮೊಬೈಲ್ ಹಿಡಿದು ಹೋದರೂ ಸಾಕು. ಕೇಳಬೇಕಾದ್ದು ಸರಳ: ಯಾವ ಇಸವಿಯಲ್ಲಿ ಸೇರಿದಿರಿ, ಯಾವ ರೆಜಿಮೆಂಟು, ಯಾವ ಫಿರಂಗಿ, ಮೇಲೆ ಸುತ್ತುತ್ತಿದ್ದ ವಿಮಾನ ಯಾವುದು, ಅದರ ಪೈಲಟ್‌ನ ದನಿ ವೈರ್‌ಲೆಸ್ಸಿನಲ್ಲಿ ಕೇಳಿದ್ದಿರಾ, ಏನು ಹೇಳುತ್ತಿದ್ದ? ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕ, ಹಳೆಯ ಗ್ರೂಪ್ ಫೋಟೊಗಳ ಹಿಂಬದಿಯ ಬರಹ, ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳು, ಇವುಗಳ ಒಂದೊಂದು ಪ್ರತಿ ತೆಗೆದು ಊರಿನ ಗ್ರಂಥಾಲಯದಲ್ಲಿ ಇಡಬೇಕು. ಮುಂದಿನ ಸಂಚಿಕೆಗೆ ಅವೇ ಮೊದಲ ಪುಟಗಳಾಗಲಿ.